ಬೇರೆ ದೇಶದ ಸಿನಿಮಾ ಯಾವುದು ನೋಡೋದು? ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಸಿನಿಮಾ ಹುಚ್ಚಿಗೆ ಬರವಿಲ್ಲ. ಹೊಸ ಕನ್ನಡ ಸಿನಿಮಾ ಬಂದರೆ ಕಟೌಟು, ಹಾರ, ಹಾಲಿನ ಅಭಿಷೇಕ ಎಲ್ಲಾ ಆಗುತ್ತದೆ. ಆದರೆ ಇರಾನಿನದೋ ಜಪಾನಿನದೋ ಸಿನಿಮಾ ಅಂದ ಕೂಡಲೇ ‘ಅದು ನಮ್ಮಂಥೋರಿಗಲ್ಲ, ಓದಿಕೊಂಡೋರಿಗೆ’ ಅಂತ ಹಿಂದೆ ಸರಿಯುವವರೇ ಹೆಚ್ಚು. ನಾನು ಈ ಮಾತನ್ನು ಒಪ್ಪುವುದಿಲ್ಲ. ಹತ್ತಿಗಿರಣಿ ನಿಂತದ್ದನ್ನು ಕಂಡ ಊರು, ಮಕ್ಕಳನ್ನು ಓದಿಸಿ ಬೆಂಗಳೂರಿಗೆ ಕಳಿಸಿ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮಂದಿರ ಊರು, ಒಂದು ಅರ್ಜಿಗೆ ಹತ್ತು ಸಲ ಕಚೇರಿ ಸುತ್ತಿದವರ ಊರು ಇದು. ಜಗತ್ತಿನ ಒಳ್ಳೆಯ ಸಿನಿಮಾಗಳಲ್ಲಿ ಬಹಳಷ್ಟು ಇಂಥವರ ಬಗ್ಗೆಯೇ ಇವೆ.

ಕೆಳಗಿನವು ಕಾಲೇಜಿನಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು. ಇಂಗ್ಲಿಷ್ ಸಿನಿಮಾಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಅವು ಹೇಗಾದರೂ ನಿಮಗೆ ಸಿಗುತ್ತವೆ. ಕಥೆಗಳ ಕೊನೆಯನ್ನು ಎಲ್ಲೂ ಹೇಳಿಲ್ಲ.

ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಹೆಸರು ಹೇಳಿ.

‘ಚಿಲ್ಡ್ರನ್ ಆಫ್ ಹೆವನ್’. ಇರಾನಿನ ಮಜಿದ್ ಮಜಿದಿ 1997ರಲ್ಲಿ ಮಾಡಿದ್ದು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಅಲಿ ಅನ್ನೋ ಹುಡುಗ ತಂಗಿ ಜಾಹ್ರಾಳ ಚಪ್ಪಲಿ ಹೊಲಿಸಿಕೊಂಡು ಬರುವಾಗ ದಾರಿಯಲ್ಲಿ ಕಳೆದುಬಿಡುತ್ತಾನೆ. ಅಪ್ಪನಿಗೆ ಹೇಳುವ ಹಾಗಿಲ್ಲ, ಮನೆ ಬಾಡಿಗೆಯೇ ಬಾಕಿ ಇದೆ. ಹಾಗಾಗಿ ಅಲಿಯ ಒಂದು ಜೊತೆ ಶೂ ಇಬ್ಬರಿಗೂ ಆಗಬೇಕು. ಬೆಳಗಿನ ಶಾಲೆಗೆ ತಂಗಿ ಹಾಕಿಕೊಂಡು ಹೋಗುತ್ತಾಳೆ, ಅವಳು ಓಡಿ ಬಂದು ಗಲ್ಲಿಯಲ್ಲಿ ಬಿಚ್ಚಿಕೊಟ್ಟ ಮೇಲೆ ಮಧ್ಯಾಹ್ನದ ಶಾಲೆಗೆ ಅಣ್ಣ ಓಡುತ್ತಾನೆ. ಅಷ್ಟೇ ಕಥೆ. ತಂಗಿಯ ಸಣ್ಣ ಕಾಲಿನಿಂದ ಆ ದೊಡ್ಡ ಶೂ ಜಾರಿ ಚರಂಡಿಗೆ ಬಿದ್ದು ನೀರಿನಲ್ಲಿ ತೇಲಿಹೋಗುವಾಗ ನೀವು ಕೂತಲ್ಲೇ ಎದ್ದು ನಿಲ್ಲುತ್ತೀರಿ.

ನನಗೆ ಅದರಲ್ಲಿ ತುಂಬ ಇಷ್ಟವಾದದ್ದು ಒಂದು ಚಿಕ್ಕ ದೃಶ್ಯ. ಅಪ್ಪ ಮಸೀದಿಗೆ ಬೇಕಾದ ಸಕ್ಕರೆಯ ದೊಡ್ಡ ಗಟ್ಟಿಗಳನ್ನು ಮನೆಯಲ್ಲಿ ಕೂತು ಒಡೆಯುತ್ತಿರುತ್ತಾನೆ. ಮಗಳು ಚಹಾ ತಂದುಕೊಡುತ್ತಾಳೆ. ಸಕ್ಕರೆ ಕೊಡು ಅನ್ನುತ್ತಾನೆ. ಇಷ್ಟೊಂದು ಎದುರಿಗೇ ಇದೆಯಲ್ಲ ಅಂತ ಅವಳು. ಇದು ಮಸೀದಿಯದು, ನಮ್ಮನ್ನು ನಂಬಿ ಕೊಟ್ಟಿದ್ದಾರೆ, ನಮ್ಮದಲ್ಲ ಅನ್ನುತ್ತಾನೆ ಅಪ್ಪ. ಬಡವರ ಮನೆಯ ಮರ್ಯಾದೆ ಎಂಥದ್ದು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ ಸಿನಿಮಾ ನನಗೆ ಗೊತ್ತಿಲ್ಲ. ಆಸ್ಕರ್‌ನ ವಿದೇಶಿ ಚಿತ್ರಗಳ ವಿಭಾಗಕ್ಕೆ ನಾಮನಿರ್ದೇಶನಗೊಂಡ ಇರಾನಿನ ಮೊದಲ ಚಿತ್ರವೂ ಇದೇ.

‘ಜಗತ್ತಿನ ನೂರು ಶ್ರೇಷ್ಠ ಚಿತ್ರಗಳು’ ಅಂತ ಪಟ್ಟಿ ಸಿಗುತ್ತಲ್ಲ, ಅದನ್ನೇ ಹಿಡಿದು ನೋಡಿದರೆ ಆಗಲ್ವಾ?

ಆಗುತ್ತದೆ, ಆದರೆ ಬಹಳ ಜನ ಮೂರನೇ ಸಿನಿಮಾಕ್ಕೇ ಕೈಬಿಡುತ್ತಾರೆ. ಆ ಪಟ್ಟಿಗಳನ್ನು ಮಾಡುವವರು ನೂರಾರು ಸಿನಿಮಾ ಅರೆದು ಕುಡಿದ ವಿಮರ್ಶಕರು. ಅವರಿಗೆ ಹೊಸದಾಗಿ ಕಾಣುವುದು ಮೊದಲ ಸಲ ನೋಡುವವರಿಗೆ ಬರೀ ಗೊಂದಲವಾಗಿ ಕಾಣಬಹುದು.

ನನ್ನ ಸಲಹೆ ಬೇರೆ. ನಿಮಗೆ ಚೆನ್ನಾಗಿ ಗೊತ್ತಿರುವ ಬದುಕು ಯಾವುದು ಅಂತ ನೋಡಿಕೊಳ್ಳಿ. ಮೇಷ್ಟ್ರಾಗಿದ್ದರೆ ಶಾಲೆಯ ಸಿನಿಮಾ, ಗುಮಾಸ್ತರಾಗಿದ್ದರೆ ಕಚೇರಿಯ ಸಿನಿಮಾ, ಗದ್ದೆ ಇದ್ದರೆ ರೈತರ ಸಿನಿಮಾ. ಭಾಷೆ, ಬಟ್ಟೆ, ಊಟ ಎಲ್ಲಾ ಬೇರೆಯಾದರೂ ಒಳಗಿನ ಸಂಗತಿ ನಿಮಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ನಿರ್ದೇಶಕ ಏನು ಮಾಡುತ್ತಿದ್ದಾನೆ ಅನ್ನುವುದೂ ಬೇಗ ಕಾಣುತ್ತದೆ. ಒಬ್ಬ ನಿರ್ದೇಶಕ ಹಿಡಿಸಿದರೆ ಅವರದೇ ಇನ್ನೆರಡು ನೋಡಿ. ಇವತ್ತು ಕೊರಿಯಾ, ನಾಳೆ ಫ್ರಾನ್ಸ್, ನಾಳಿದ್ದು ಬ್ರೆಜಿಲ್ ಅಂತ ಜಿಗಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಸಬ್‌ಟೈಟಲ್ ಓದೋದರಲ್ಲೇ ಸಿನಿಮಾ ಮುಗಿದುಹೋಗುತ್ತೆ. ನಮಗೆ ಇಂಗ್ಲಿಷ್ ಅಷ್ಟು ವೇಗವಾಗಿ ಬರಲ್ಲ. ಏನು ಮಾಡೋದು?

ಇದು ನಿಜವಾದ ಕಷ್ಟ. ಕನ್ನಡದ ಸಬ್‌ಟೈಟಲ್ ಇರುವ ವಿದೇಶಿ ಚಿತ್ರಗಳು ತೀರಾ ಕಡಿಮೆ, ಇದು ನನಗೆ ಬಹಳ ನೋವಿನ ವಿಷಯ. ಸದ್ಯಕ್ಕೆ ಮಾತು ಕಡಿಮೆ ಇರುವ ಚಿತ್ರಗಳಿಂದ ಶುರು ಮಾಡಿ. ಮಕ್ಕಳನ್ನು ಇಟ್ಟುಕೊಂಡು ಮಾಡಿದ ಇರಾನಿ ಚಿತ್ರಗಳು ಈ ಕಾರಣಕ್ಕೂ ಒಳ್ಳೆಯವು, ಅಲ್ಲಿ ವಾಕ್ಯಗಳು ಚಿಕ್ಕವು, ಹೇಳಿದ್ದನ್ನೇ ಹೇಳುತ್ತಾರೆ. ಕಥೆಯ ಮೊದಲ ಅರ್ಧವನ್ನು ಮೊದಲೇ ಓದಿಕೊಂಡು ಕೂತರೆ ತಪ್ಪೇನಿಲ್ಲ. ಓದಲು ಸಮಯ ಸಾಲದೆ ಹೋದರೆ ವೇಗವನ್ನು ಮುಕ್ಕಾಲಿಗೆ ಇಳಿಸುವ ಸೌಲಭ್ಯ ಎಷ್ಟೋ ಆ್ಯಪ್‌ಗಳಲ್ಲಿ ಇದೆ, ಮೊದಲ ಹತ್ತು ನಿಮಿಷಕ್ಕೆ ಅದನ್ನು ಬಳಸಿ.

ಇನ್ನೊಂದು ದಾರಿ ನಮ್ಮ ಮನೆಗಳಲ್ಲಿ ಸುಲಭ: ಕಾಲೇಜಿಗೆ ಹೋಗುವ ಮಗನೋ ಮಗಳೋ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುವುದು. ಪೂರ್ತಿ ಅನುವಾದ ಬೇಡ. ‘ದುಡ್ಡು ಕೇಳ್ತಿದಾನೆ’, ‘ಸುಳ್ಳು ಹೇಳ್ತಿದಾಳೆ’ ಅಂದರೆ ಸಾಕು, ಉಳಿದದ್ದನ್ನು ಮುಖಗಳು ಹೇಳುತ್ತವೆ.

‘ಬೈಸಿಕಲ್ ಥೀವ್ಸ್’ ಅಂತ ಎಲ್ಲರೂ ಹೇಳುತ್ತಾರೆ. ಹಳೇ ಕಪ್ಪು ಬಿಳುಪು ಸಿನಿಮಾ, ಅದರಲ್ಲಿ ಅಂಥದ್ದೇನಿದೆ?

ದಾವಣಗೆರೆಯವರು ಇದನ್ನು ನೋಡಲೇಬೇಕು ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಇಟಲಿಯ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ಚಿತ್ರ. ಮಹಾಯುದ್ಧ ಮುಗಿದಿದೆ, ರೋಮ್ ನಗರದಲ್ಲಿ ಕೆಲಸವಿಲ್ಲ. ಅಂಟೋನಿಯೊಗೆ ಕೊನೆಗೂ ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು ಅಂತ ಷರತ್ತು. ಅವನ ಸೈಕಲ್ ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಮರಿಯಾ ಮಂಚದ ಮೇಲಿನ ಹಾಸಿಗೆ ಬಟ್ಟೆಗಳನ್ನೆಲ್ಲ ಎಳೆದು ಗಂಟು ಕಟ್ಟುತ್ತಾಳೆ, ಅವನ್ನು ಗಿರವಿ ಇಟ್ಟು ಸೈಕಲ್ ಬಿಡಿಸುತ್ತಾರೆ. ಕೆಲಸದ ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಅಪ್ಪ, ಪುಟ್ಟ ಮಗ ಬ್ರೂನೊ ಇಬ್ಬರೂ ರೋಮ್‌ನ ಬೀದಿಗಳಲ್ಲಿ ಹುಡುಕಿಕೊಂಡು ಅಲೆಯುತ್ತಾರೆ.

ನಮ್ಮ ಬೀದಿಯಲ್ಲಿ ಹತ್ತಿಗಿರಣಿಯಲ್ಲಿ ದುಡಿದು ಈಗ ವಯಸ್ಸಾಗಿರುವ ಹಿರಿಯರೊಬ್ಬರಿದ್ದಾರೆ. ನಮ್ಮ ಮನೆಯ ಟಿವಿಯಲ್ಲಿ ಇದನ್ನು ಹಾಕಿದಾಗ ಅವರೂ ಬಂದು ಕೂತರು. ಗಿರವಿ ಅಂಗಡಿಯ ದೃಶ್ಯ ಬಂತು. ಮರಿಯಾ ಕೊಟ್ಟ ಗಂಟನ್ನು ಅಂಗಡಿಯವನು ಹೊತ್ತುಕೊಂಡು ಒಳಗೆ ಹೋಗುತ್ತಾನೆ, ಕ್ಯಾಮೆರಾ ಅವನನ್ನೇ ನೋಡುತ್ತದೆ. ಒಳಗೆ ನೆಲದಿಂದ ಸೂರಿನವರೆಗೂ ಕಪಾಟು, ಕಪಾಟು ತುಂಬಾ ಅಂಥವೇ ಗಂಟುಗಳು. ಅವನು ಹತ್ತುತ್ತಾ ಹತ್ತುತ್ತಾ ಮೇಲಕ್ಕೆ ಹೋಗಿ ಆ ಗಂಟನ್ನೂ ಅಲ್ಲಿ ತುರುಕುತ್ತಾನೆ. ಇಡೀ ಊರಿನ ಹಾಸಿಗೆ ಬಟ್ಟೆ ಅಲ್ಲಿದೆ. ಹಿರಿಯರು ಅಷ್ಟು ಹೊತ್ತು ಸುಮ್ಮನಿದ್ದವರು, ‘ಮಿಲ್ ನಿಂತಾಗ ನಮ್ಮನೆ ತಾಮ್ರದ ಹಂಡೆನೂ ಹಿಂಗೇ ಹೋತು ನೋಡಮ್ಮ. ಬಿಡಿಸಾಕೆ ಆಗ್ಲೇ ಇಲ್ಲ’ ಅಂದರು. ಅವರಿಗೆ ಇಂಗ್ಲಿಷೂ ಬರುವುದಿಲ್ಲ, ಇಟಾಲಿಯನ್ನೂ ಬರುವುದಿಲ್ಲ.

ಅಂಟೋನಿಯೊ ಪಾತ್ರ ಮಾಡಿದ ಲ್ಯಾಂಬರ್ಟೊ ಮಾಜೊರಾನಿ ನಟನಲ್ಲ, ಕಾರ್ಖಾನೆ ಕೆಲಸಗಾರ. ಡಿ ಸಿಕಾ ಸ್ಟುಡಿಯೋ ಬಿಟ್ಟು ಬೀದಿಯಲ್ಲೇ ಚಿತ್ರೀಕರಣ ಮಾಡಿದರು. 1950ರಲ್ಲಿ ಲಂಡನ್‌ಗೆ ಹೋಗಿದ್ದ ಸತ್ಯಜಿತ್ ರಾಯ್ ಈ ಚಿತ್ರ ನೋಡಿ, ತಾವು ಮಾಡಬೇಕಾದ ಸಿನಿಮಾ ಹೀಗೇ ಇರಬೇಕು ಅಂತ ನಿಶ್ಚಯಿಸಿಕೊಂಡರು. ಐದು ವರ್ಷದ ನಂತರ ‘ಪಥೇರ್ ಪಾಂಚಾಲಿ’ ಬಂತು. ಕನ್ನಡದಲ್ಲಿ ಎಪ್ಪತ್ತರ ದಶಕದಲ್ಲಿ ‘ಚೋಮನ ದುಡಿ’, ‘ಘಟಶ್ರಾದ್ಧ’ದಂಥ ಚಿತ್ರಗಳು ಬರಲು ದಾರಿ ತೆರೆದದ್ದರಲ್ಲಿ ಈ ಪರಂಪರೆಯ ಪಾಲೂ ಇದೆ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಕೂತು ನೋಡೋವಂಥದ್ದು ಯಾವುದು?

ಮುಜುಗರವಿಲ್ಲದೆ ನೋಡುವಂಥವು ಬೇಕಾದಷ್ಟಿವೆ, ಆದರೆ ನನ್ನ ಮನಸ್ಸಿಗೆ ಮೊದಲು ಬರುವುದು ಜಪಾನಿನ ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’, 1953ರದು. ಒನೊಮಿಚಿ ಅನ್ನುವ ಕಡಲ ತೀರದ ಊರಿನಿಂದ ಮುದಿ ಗಂಡ ಹೆಂಡತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ರೈಲು ಹತ್ತಿ ಬರುತ್ತಾರೆ. ಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಇಬ್ಬರಿಗೂ ಪುರಸೊತ್ತಿಲ್ಲ. ಯಾರೂ ಕೆಟ್ಟವರಲ್ಲ, ಯಾರೂ ಜಗಳ ಆಡುವುದಿಲ್ಲ, ಅದೇ ಈ ಚಿತ್ರದ ಶಕ್ತಿ. ಅಳಿಯ ಅತ್ತೆ ಮಾವನಿಗೆ ಅಂತ ಕೇಕ್ ತರುತ್ತಾನೆ, ಇಷ್ಟು ದುಬಾರಿದು ಯಾಕೆ ತರೋಕೆ ಹೋದಿರಿ ಅಂತ ಮಗಳು ಗೊಣಗುತ್ತಾಳೆ. ಆಮೇಲೆ ಮಕ್ಕಳು ಸೇರಿ ದುಡ್ಡು ಹಾಕಿ ಅಪ್ಪ ಅಮ್ಮನನ್ನು ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸಿಬಿಡುತ್ತಾರೆ. ಅಲ್ಲಿ ರಾತ್ರಿಯೆಲ್ಲ ಹುಡುಗರ ಗದ್ದಲ, ನಿದ್ದೆಯಿಲ್ಲ. ಅವರನ್ನು ನಿಜವಾಗಿ ಆದರಿಸುವವಳು ಯುದ್ಧದಲ್ಲಿ ತೀರಿಕೊಂಡ ಮಗನ ಹೆಂಡತಿ ನೊರಿಕೊ ಒಬ್ಬಳೇ. ರಜೆ ಹಾಕಿ ಊರು ತೋರಿಸುತ್ತಾಳೆ, ಮಾವನಿಗೆ ಕೊಡಲು ಪಕ್ಕದ ಮನೆಯಿಂದ ಸಾಕೆ (ಅಕ್ಕಿಯ ಮದ್ಯ) ಕಡ ತರುತ್ತಾಳೆ.

ಬೆಂಗಳೂರಿನ ಮಗನ ಫ್ಲಾಟಿಗೆ ಹೋಗಿ ನಾಲ್ಕು ದಿನಕ್ಕೇ ‘ಯಾಕೋ ಊರಿಗೆ ಹೋಗೋಣ ಅನ್ಸುತ್ತೆ’ ಅಂತ ವಾಪಸು ಬಂದ ಅಪ್ಪ ಅಮ್ಮಂದಿರು ನಮ್ಮ ಪಿ.ಜೆ. ಬಡಾವಣೆಯಲ್ಲೂ ಇದ್ದಾರೆ, ಎಂ.ಸಿ.ಸಿ. ಬ್ಲಾಕಿನಲ್ಲೂ ಇದ್ದಾರೆ. ಓಜು ಕ್ಯಾಮೆರಾವನ್ನು ನೆಲದ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಇಡುತ್ತಾರೆ. ಚಾಪೆ ಮೇಲೆ ಕೂತು ಉಂಡು ಬೆಳೆದ ನಮಗೆ ಆ ನೋಟ ತೀರಾ ಪರಿಚಿತ. 2012ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರನ್ನು ಕೇಳಿದಾಗ ಅವರು ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ.

ಒಂದು ಎಚ್ಚರಿಕೆ. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಸ್ವಲ್ಪ ದಿನ ಬಿಟ್ಟು ನೋಡಿ.

ಚಿಕ್ಕ ಮಕ್ಕಳಿಗೆ?

‘ಮೈ ನೈಬರ್ ಟೊಟೊರೊ’, ಜಪಾನಿನ ಹಯಾವೊ ಮಿಯಾಜಾಕಿ ಅವರ ಅನಿಮೇಷನ್ ಚಿತ್ರ, 1988. ತಾಯಿ ಆಸ್ಪತ್ರೆಯಲ್ಲಿರುವಾಗ ಹಳ್ಳಿ ಮನೆಗೆ ಬಂದ ಇಬ್ಬರು ಅಕ್ಕ ತಂಗಿಯರು, ಕಾಡಿನಲ್ಲಿ ಒಂದು ದೊಡ್ಡ ಮೆತ್ತನೆ ಪ್ರಾಣಿ. ಖಳನಾಯಕನೇ ಇಲ್ಲದ ಸಿನಿಮಾ ಇದು. ಸ್ವಲ್ಪ ದೊಡ್ಡವರಾದ ಮೇಲೆ ಅವರದೇ ‘ಸ್ಪಿರಿಟೆಡ್ ಅವೇ’ ತೋರಿಸಿ. ಅದೇ ಸ್ಟುಡಿಯೋ, ಅದೇ 1988 ಅಂತ ನಂಬಿ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅನ್ನು ಪುಟ್ಟ ಮಕ್ಕಳಿಗೆ ಹಾಕಬೇಡಿ. ಅದು ಇಸಾವೊ ತಕಾಹತಾ ಅವರ ಅದ್ಭುತ ಚಿತ್ರ, ಆದರೆ ಯುದ್ಧದಲ್ಲಿ ಹಸಿವಿನಿಂದ ನರಳುವ ಮಕ್ಕಳ ಕಥೆ. ದೊಡ್ಡವರೇ ತಡೆದುಕೊಳ್ಳುವುದು ಕಷ್ಟ.

ಇರಾನಿನ ಅಬ್ಬಾಸ್ ಕಿಯಾರೊಸ್ತಮಿಯವರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್’ 1987ರದು. ಗೆಳೆಯನ ನೋಟ್‌ಬುಕ್ ತಪ್ಪಿ ತನ್ನ ಚೀಲಕ್ಕೆ ಬಂದಿದೆ, ನಾಳೆ ಅದರಲ್ಲಿ ಹೋಂವರ್ಕ್ ಬರೆದು ತರದಿದ್ದರೆ ಅವನನ್ನು ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ. ಎಂಟು ವರ್ಷದ ಅಹ್ಮದ್ ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ, ಮನೆ ಎಲ್ಲಿ ಅಂತ ಗೊತ್ತಿಲ್ಲ. ದೊಡ್ಡವರು ಯಾರೂ ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದೇ ಇಲ್ಲ. ಇದನ್ನು ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ನೋಡಬೇಕು ಅಂತ ನನ್ನ ಅಭಿಪ್ರಾಯ. 1990ರಲ್ಲಿ ಆ ಪ್ರದೇಶದಲ್ಲಿ ಭೀಕರ ಭೂಕಂಪವಾಯಿತು. ಚಿತ್ರದಲ್ಲಿ ನಟಿಸಿದ ಮಕ್ಕಳು ಬದುಕಿದ್ದಾರೋ ಇಲ್ಲವೋ ಅಂತ ಹುಡುಕಿಕೊಂಡು ಕಿಯಾರೊಸ್ತಮಿ ಹೋದರು, ಆ ಹುಡುಕಾಟದಿಂದ ಇನ್ನೊಂದು ಸಿನಿಮಾ ಹುಟ್ಟಿತು: ‘ಅಂಡ್ ಲೈಫ್ ಗೋಸ್ ಆನ್’. ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ನಾನು ಸರ್ಕಾರಿ ಶಾಲೆ ಮೇಷ್ಟ್ರು. ನಮ್ಮ ಬಗ್ಗೆ ಏನಾದರೂ ಇದೆಯಾ?

ಭೂತಾನಿನ ‘ಲುನಾನಾ: ಎ ಯಾಕ್ ಇನ್ ದಿ ಕ್ಲಾಸ್‌ರೂಮ್’ ನೋಡಿ, 2019ರದು. ಆಸ್ಟ್ರೇಲಿಯಾಕ್ಕೆ ಹಾರಲು ಕಾಯುತ್ತಿರುವ ಯುವ ಮೇಷ್ಟ್ರನ್ನು ಇಲಾಖೆ ದೇಶದ ತುತ್ತತುದಿಯ ಶಾಲೆಗೆ ಹಾಕುತ್ತದೆ. ದಿನಗಟ್ಟಲೆ ಬೆಟ್ಟ ಹತ್ತಿ ಹೋದರೆ ಅಲ್ಲಿ ಕರಿಹಲಗೆಯೂ ಇಲ್ಲ, ಕರೆಂಟೂ ಇಲ್ಲ. ಚಿತ್ರತಂಡವೂ ಸೌರಶಕ್ತಿಯ ಬ್ಯಾಟರಿಗಳಿಂದಲೇ ಚಿತ್ರೀಕರಣ ಮಾಡಿತು. ಕ್ಲಾಸ್ ಲೀಡರ್ ಆಗಿ ಬರುವ ಪೆಮ್ ಜಾಮ್ ಅದೇ ಊರಿನ ಹುಡುಗಿ, ಅವಳ ನಗು ನೋಡಿದವರು ಮರೆಯುವುದಿಲ್ಲ.

ಅದಾದ ಮೇಲೆ ಚೀನಾದ ಝಾಂಗ್ ಯಿಮೋ ಅವರ ‘ನಾಟ್ ಒನ್ ಲೆಸ್’. ಹದಿಮೂರು ವರ್ಷದ ಹುಡುಗಿಯೇ ಬದಲಿ ಟೀಚರ್. ಮಕ್ಕಳು ಒಬ್ಬರೂ ಶಾಲೆ ಬಿಡಬಾರದು, ಹಾಗಾದರೆ ಮಾತ್ರ ಹತ್ತು ಯುವಾನ್ ಹೆಚ್ಚಿಗೆ. ಚಾಕ್‌ಪೀಸನ್ನು ದಿನಕ್ಕೊಂದರಂತೆ ಎಣಿಸಿ ಇಟ್ಟಿರುತ್ತಾರೆ. ಒಬ್ಬ ಹುಡುಗ ದುಡಿಯಲು ಪಟ್ಟಣಕ್ಕೆ ಹೋದಾಗ ಅವಳು ಬಸ್ ಚಾರ್ಜಿಗೆ ದುಡ್ಡು ಎಷ್ಟು ಬೇಕು ಅಂತ ಮಕ್ಕಳ ಕೈಲೇ ಲೆಕ್ಕ ಮಾಡಿಸುತ್ತಾಳೆ, ಗಣಿತದ ಪಾಠ ಅಲ್ಲೇ ಶುರುವಾಗುತ್ತದೆ. 1999ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪಡೆದ ಚಿತ್ರ. ನಮ್ಮಲ್ಲಿ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಶಾಲೆ ಕಳೆದುಕೊಂಡ ಮಕ್ಕಳ ಮನೆ ಬಾಗಿಲಿಗೆ ಹೋಗಿ ಕರೆತಂದ ಮೇಷ್ಟ್ರುಗಳಿಗೆ ಇದರಲ್ಲಿ ಹೊಸದಾಗಿ ವಿವರಿಸುವಂಥದ್ದು ಏನೂ ಇರುವುದಿಲ್ಲ.

ಕಚೇರಿ ಕೆಲಸದವರ ಬಗ್ಗೆ?

‘ಇಕಿರು’. ಜಪಾನಿನ ಅಕಿರಾ ಕುರೊಸಾವಾ, 1952. ನನ್ನ ಅತಿ ಪ್ರೀತಿಯ ಚಿತ್ರ ಯಾವುದು ಅಂತ ಕೇಳಿದರೂ ಇದೇ ಹೆಸರು.

ವತನಾಬೆ ನಗರಾಡಳಿತ ಕಚೇರಿಯ ಒಂದು ವಿಭಾಗದ ಮುಖ್ಯಸ್ಥ. ಮೂವತ್ತು ವರ್ಷ ಕಡತಕ್ಕೆ ಮೊಹರು ಒತ್ತಿದ್ದೇ ಬದುಕು. ಹೊಟ್ಟೆಯ ಕ್ಯಾನ್ಸರ್, ಇನ್ನು ಕೆಲವೇ ತಿಂಗಳು ಅಂತ ಗೊತ್ತಾಗುತ್ತದೆ. ಚಿತ್ರದ ಮೊದಲಲ್ಲೇ ಒಂದು ಸನ್ನಿವೇಶ ಇದೆ: ತಮ್ಮ ಓಣಿಯ ಕೊಳಚೆ ಗುಂಡಿ ಮುಚ್ಚಿಸಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಅಂತ ಹೆಂಗಸರ ಗುಂಪು ಅರ್ಜಿ ಹಿಡಿದು ಬರುತ್ತದೆ. ಈ ಕೌಂಟರಿನವರು ಆ ಕೌಂಟರಿಗೆ, ಅವರು ಆರೋಗ್ಯ ವಿಭಾಗಕ್ಕೆ, ಅವರು ಚರಂಡಿ ವಿಭಾಗಕ್ಕೆ, ಅವರು ಇನ್ನೊಬ್ಬರಿಗೆ ಕಳಿಸುತ್ತಾರೆ. ಸುತ್ತಿ ಸುತ್ತಿ ಕೊನೆಗೆ ಹೊರಟ ಕೌಂಟರಿಗೇ ಬರುತ್ತಾರೆ. ಸಾಯುವುದರೊಳಗೆ ಆ ಒಂದು ಕೆಲಸ ಮಾಡಿಸಬೇಕು ಅಂತ ವತನಾಬೆ ಹೊರಡುತ್ತಾನೆ. ತಕಾಶಿ ಶಿಮುರಾ ಮಾಡಿದ ಆ ಪಾತ್ರ ಕೂಗಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ಅಧಿಕಾರಿಗಳ ಮುಂದೆ ಬಗ್ಗಿ ನಿಂತು, ಅವರು ಒಪ್ಪುವವರೆಗೂ ಅಲ್ಲಿಂದ ಕದಲುವುದಿಲ್ಲ, ಅಷ್ಟೇ.

ಚಿತ್ರದ ಮೂರರಲ್ಲಿ ಎರಡು ಭಾಗ ಮುಗಿಯುವಷ್ಟರಲ್ಲಿ ಕುರೊಸಾವಾ ಕಥೆಯನ್ನು ಇದ್ದಕ್ಕಿದ್ದ ಹಾಗೆ ಮುರಿದು ಬೇರೆ ರೀತಿಯಲ್ಲಿ ಹೇಳಲು ಶುರು ಮಾಡುತ್ತಾರೆ. ಅಲ್ಲಿ ಎದ್ದು ಹೋಗಬೇಡಿ. ಸಹೋದ್ಯೋಗಿಗಳು ಕೂತು ಕುಡಿಯುತ್ತಾ ಮಾತಾಡುವ ಆ ಉದ್ದನೆಯ ಭಾಗದಲ್ಲೇ ಚಿತ್ರದ ಜೀವ ಇದೆ. 2022ರಲ್ಲಿ ‘ಲಿವಿಂಗ್’ ಅಂತ ಇಂಗ್ಲಿಷಿನಲ್ಲೂ ಇದನ್ನು ಮಾಡಿದರು, ಚೆನ್ನಾಗಿದೆ, ಆದರೆ ಮೊದಲು ಮೂಲವನ್ನೇ ನೋಡಿ.

ಇವೆಲ್ಲಾ ತುಂಬಾ ನಿಧಾನ. ನಿದ್ದೆ ಬರುತ್ತೆ.

ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಹಾಕಿದರೆ ಯಾವುದಕ್ಕಾದರೂ ನಿದ್ದೆ ಬರುತ್ತದೆ. ಭಾನುವಾರ ಬೆಳಗ್ಗೆ ನೋಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊದಲ ಇಪ್ಪತ್ತು ನಿಮಿಷ ಬೇಸರವಾದರೂ ತಡೆದುಕೊಳ್ಳಿ, ಆ ಹೊತ್ತಿಗೆ ನಿಮ್ಮ ಉಸಿರು ಆ ಸಿನಿಮಾದ ನಡಿಗೆಗೆ ಹೊಂದಿಕೊಳ್ಳುತ್ತದೆ. ಮೂರು ದಿನಕ್ಕೆ ಹಂಚಿಕೊಂಡು ತುಂಡು ತುಂಡಾಗಿ ನೋಡುವುದು ಮಾತ್ರ ಬೇಡ. ಅಷ್ಟಾದರೂ ಹಿಡಿಸದಿದ್ದರೆ ಬಿಟ್ಟುಬಿಡಿ, ಅದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಹೊಡೆದಾಟ, ಸಸ್ಪೆನ್ಸ್ ಇರೋವು ಹೇಳಿ.

‘ಸೆವೆನ್ ಸಮುರಾಯ್’. 1954, ಮತ್ತೆ ಕುರೊಸಾವಾ, ಮೂರು ಗಂಟೆ ಇಪ್ಪತ್ತೇಳು ನಿಮಿಷ. ಸುಗ್ಗಿ ಮುಗಿಯುವುದನ್ನೇ ಕಾದು ದರೋಡೆಕೋರರು ಬರುತ್ತಾರೆ ಅಂತ ಗೊತ್ತಾದ ರೈತರು, ಅನ್ನ ಹಾಕುತ್ತೇವೆ ಬನ್ನಿ ಅಂತ ಏಳು ಜನ ಕತ್ತಿವೀರರನ್ನು ಕರೆತರುತ್ತಾರೆ. ಅವರಿಗೆ ಅಕ್ಕಿ ಕೊಟ್ಟು ತಾವು ಸಿರಿಧಾನ್ಯ ಬೇಯಿಸಿಕೊಳ್ಳುತ್ತಾರೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹರಿಹರ, ಮಲೇಬೆನ್ನೂರು ಕಡೆಯವರಿಗೆ ಬೆಳೆ ಕೈಗೆ ಬರುವ ಹೊತ್ತಿನ ಆತಂಕ ಹೇಳಿಕೊಡಬೇಕಾಗಿಲ್ಲ. ಮಳೆಯಲ್ಲಿ, ಕೆಸರಿನಲ್ಲಿ ನಡೆಯುವ ಕೊನೆಯ ಕಾಳಗವನ್ನು ಇವತ್ತಿಗೂ ಯಾರೂ ಮೀರಿಸಿಲ್ಲ. ನಮ್ಮ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’, ಶಂಕರ್ ನಾಗ್ ಮೊದಲು ಕಾಣಿಸಿಕೊಂಡ ಆ 1978ರ ಚಿತ್ರ, ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ಬಂದದ್ದು. ಅದನ್ನು ನೋಡಿದವರಿಗೆ ಇದು ನಂಟರ ಮನೆಯೇ.

ಸಸ್ಪೆನ್ಸ್ ಬೇಕಾದವರಿಗೆ ಬಾಂಗ್ ಜೂನ್ ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’, 2003. ಎಂಬತ್ತರ ದಶಕದ ಕೊರಿಯಾದ ಹಳ್ಳಿಯೊಂದರಲ್ಲಿ ನಡೆದ ಸರಣಿ ಕೊಲೆಗಳ ನಿಜ ಪ್ರಕರಣ. ಸಿನಿಮಾ ಬಂದು ಹದಿನಾರು ವರ್ಷದ ನಂತರ, 2019ರಲ್ಲಿ, ಡಿಎನ್ಎ ಪರೀಕ್ಷೆಯಿಂದ ಕೊಲೆಗಾರ ಯಾರೆಂದು ಗೊತ್ತಾಯಿತು. ಅರ್ಜೆಂಟೀನಾದ ‘ದಿ ಸೀಕ್ರೆಟ್ ಇನ್ ದೇರ್ ಐಸ್’ ಕೂಡ ಗಟ್ಟಿ ಚಿತ್ರ. ಇವೆರಡೂ ಮಕ್ಕಳ ಜೊತೆ ನೋಡುವಂಥವಲ್ಲ.

‘ಪ್ಯಾರಸೈಟ್’ ಮನೆಯವರೆಲ್ಲರ ಜೊತೆ ನೋಡಬಹುದಾ?

ಬೇಡ. ರಕ್ತಪಾತವೂ ಇದೆ, ಮುಜುಗರದ ಒಂದು ದೃಶ್ಯವೂ ಇದೆ. ದೊಡ್ಡವರು ಖಂಡಿತ ನೋಡಿ. ಬಾಂಗ್ ಜೂನ್ ಹೋ ಅವರದೇ ಈ ಕೊರಿಯನ್ ಚಿತ್ರ 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಾಗ, ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಗಂಡ ಹೆಂಡತಿ, ಸಂಸಾರದ ಜಂಜಾಟ?

ಇರಾನಿನ ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಷನ್’, 2011. ಮಗಳ ಭವಿಷ್ಯಕ್ಕಾಗಿ ದೇಶ ಬಿಡೋಣ ಅನ್ನುತ್ತಾಳೆ ಹೆಂಡತಿ. ಮರೆವಿನ ಕಾಯಿಲೆಯ ಅಪ್ಪನನ್ನು ಬಿಟ್ಟು ಹೇಗೆ ಬರಲಿ ಅನ್ನುತ್ತಾನೆ ಗಂಡ. ಅಪ್ಪನನ್ನು ನೋಡಿಕೊಳ್ಳಲು ಬಡ ಹೆಂಗಸೊಬ್ಬಳು ಬರುತ್ತಾಳೆ, ಒಂದು ಸಣ್ಣ ಘಟನೆ ಕೋರ್ಟಿಗೆ ಹೋಗುತ್ತದೆ. ಯಾರ ಪರ ನಿಲ್ಲಬೇಕು ಅಂತ ನೀವು ಹತ್ತು ಸಲ ಮನಸ್ಸು ಬದಲಾಯಿಸುತ್ತೀರಿ. ಗಂಡ ಹೆಂಡತಿ ಕೂತು ನೋಡಿದರೆ ಆಮೇಲೆ ಎರಡು ದಿನ ಅದೇ ಚರ್ಚೆ ಇರುತ್ತದೆ, ಇರಲಿ.

ಹೆಣ್ಣುಮಕ್ಕಳ ಕಥೆಗಳಲ್ಲಿ ನಿಮಗೆ ಇಷ್ಟವಾದದ್ದು?

ಸೌದಿ ಅರೇಬಿಯಾದ ‘ವಜ್ದಾ’. ಸೈಕಲ್ ತುಳಿಯುವ ಆಸೆ ಇಟ್ಟುಕೊಂಡ ಹತ್ತು ವರ್ಷದ ಹುಡುಗಿ. ದುಡ್ಡು ಹೊಂದಿಸಲು ಕುರಾನ್ ಪಠಣ ಸ್ಪರ್ಧೆಗೆ ಸೇರುತ್ತಾಳೆ. ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಬೀದಿಯ ದೃಶ್ಯಗಳನ್ನು ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ಹೇಳಿ ತೆಗೆಸಿದರು, ಗಂಡಸರ ಜೊತೆ ಬೀದಿಯಲ್ಲಿ ನಿಂತು ಕೆಲಸ ಮಾಡುವ ಹಾಗಿರಲಿಲ್ಲ. 2012ರಲ್ಲಿ ಇದು ಬಂದಾಗ ಆ ದೇಶದಲ್ಲಿ ಚಿತ್ರಮಂದಿರಗಳೇ ಇರಲಿಲ್ಲ.

ಬ್ರೆಜಿಲ್‌ನ ‘ಸೆಂಟ್ರಲ್ ಸ್ಟೇಷನ್’ ಕೂಡ ನೋಡಿ, 1998. ರೈಲ್ವೆ ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಓದು ಬರಹ ಬಾರದವರಿಗೆ ಕಾಗದ ಬರೆದುಕೊಡುವ ನಿವೃತ್ತ ಟೀಚರ್ ಡೋರಾ. ಮೊದಮೊದಲು ಅವಳನ್ನು ಕಂಡರೆ ಸಿಟ್ಟು ಬರುತ್ತದೆ, ದುಡ್ಡು ತಗೊಂಡು ಕಾಗದವನ್ನು ಪೋಸ್ಟ್ ಮಾಡುವುದೇ ಇಲ್ಲ. ತಾಯಿಯನ್ನು ಕಳೆದುಕೊಂಡ ಹುಡುಗನ ಜೊತೆ ಅವಳು ಬಸ್ಸು ಹತ್ತಿದ ಮೇಲೆ ಚಿತ್ರ ಬೇರೆಯೇ ಆಗುತ್ತದೆ. ಫೆರ್ನಾಂಡ ಮೊಂಟೆನೆಗ್ರೊ ಅವರ ಮುಖ ನೋಡುವುದಕ್ಕಾದರೂ ನೋಡಬೇಕು.

ದುಡ್ಡು ಕೊಡದೆ, ಕಳ್ಳ ಪ್ರತಿಯೂ ಅಲ್ಲದೆ ಎಲ್ಲಿ ಸಿಗುತ್ತವೆ?

ರಷ್ಯಾದ ಮಾಸ್‌ಫಿಲ್ಮ್ ಸಂಸ್ಥೆ ತನ್ನ ಹಳೆಯ ಚಿತ್ರಗಳನ್ನು ತಾನೇ ಯೂಟ್ಯೂಬಿನಲ್ಲಿ ಹಾ‌ಕಿದೆ, ಬಹಳಷ್ಟಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದೆ. ಅಲ್ಲಿ ಮೊದಲು ‘ಬ್ಯಾಲಡ್ ಆಫ್ ಎ ಸೋಲ್ಜರ್’ ಹುಡುಕಿ, 1959ರದು. ಹತ್ತೊಂಬತ್ತು ವರ್ಷದ ಸೈನಿಕ ಎರಡು ಟ್ಯಾಂಕ್ ಹೊಡೆದುರುಳಿಸುತ್ತಾನೆ. ಪದಕ ಬೇಡ, ಅಮ್ಮನನ್ನು ನೋಡಿ ಮನೆಯ ಸೂರು ರಿಪೇರಿ ಮಾಡಿ ಬರುತ್ತೇನೆ, ರಜೆ ಕೊಡಿ ಅನ್ನುತ್ತಾನೆ. ಆರು ದಿನ ಸಿಗುತ್ತದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ನೆರವಾಗುತ್ತಾ ಹೋಗಿ ಅವನ ರಜೆಯೇ ಕರಗುತ್ತಾ ಬರುತ್ತದೆ. ಮಗನನ್ನು ಸೈನ್ಯಕ್ಕೆ ಕಳಿಸಿದ ಮನೆಯವರ ಜೊತೆ ಇದನ್ನು ನೋಡಿದ್ದೇನೆ, ಮುಗಿದ ಮೇಲೆ ಯಾರೂ ದೀಪ ಹಾಕಲು ಏಳಲಿಲ್ಲ. ಕೊರಿಯಾದ ಚಲನಚಿತ್ರ ಸಂಗ್ರಹಾಲಯವೂ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಹಳೆಯ ಕೊರಿಯನ್ ಚಿತ್ರಗಳನ್ನು ಉಚಿತವಾಗಿ ತೋರಿಸುತ್ತದೆ.

ದುಡ್ಡು ಕೊಡುವುದಾದರೆ ಇಂಥ ಚಿತ್ರಗಳಿಗೆಂದೇ ಇರುವುದು ಮುಬಿ ಅನ್ನುವ ಆ್ಯಪ್. ಮಿಯಾಜಾಕಿಯವರ ಚಿತ್ರಗಳು ನೆಟ್‌ಫ್ಲಿಕ್ಸ್‌ನಲ್ಲಿವೆ. ಮೆಕ್ಸಿಕೊದ ‘ರೋಮಾ’ ನೆಟ್‌ಫ್ಲಿಕ್ಸ್‌ನದೇ ಚಿತ್ರ. ಉಳಿದವು ಇವತ್ತು ಒಂದು ಕಡೆ ಇದ್ದರೆ ಮುಂದಿನ ತಿಂಗಳು ಇನ್ನೊಂದು ಕಡೆ ಇರುತ್ತವೆ, ಹಾಗಾಗಿ ವರ್ಷದ ಚಂದಾ ಕಟ್ಟುವ ಮೊದಲು ನಿಮಗೆ ಬೇಕಾದ ನಾಲ್ಕು ಹೆಸರು ಅಲ್ಲಿ ಇವೆಯೇ ಅಂತ ಹುಡುಕಿ ನೋಡಿ.

ಒಂದೇ ಸಿನಿಮಾದ ಎರಡು ಮೂರು ಆವೃತ್ತಿ ಇರುತ್ತಲ್ಲ, ಯಾವುದು ನೋಡೋದು?

ಇದನ್ನು ಹೆಚ್ಚಾಗಿ ಕೇಳುವುದು ‘ಸಿನೆಮಾ ಪ್ಯಾರಡೀಸೊ’ ಬಗ್ಗೆ. ಸಿಸಿಲಿಯ ಸಣ್ಣ ಊರಿನ ಟಾಕೀಸು, ಅಲ್ಲಿ ರೀಲು ಓಡಿಸುವ ಅಲ್ಫ್ರೆಡೊ, ಅವನ ಹಿಂದೆ ಮುಂದೆ ಸುತ್ತುವ ಪುಟ್ಟ ಟೋಟೊ. ಅಶೋಕ, ಗೀತಾಂಜಲಿಗಳಲ್ಲಿ ಬೆಂಚಿನ ಮೇಲೆ ಕೂತು ಸೀಟಿ ಹೊಡೆದು ಬೆಳೆದವರಿಗೆ ಇದನ್ನು ನಾನು ಮೊದಲೇ ಹೇಳಬೇಕಿತ್ತು. ಎರಡು ಗಂಟೆಯ ಆವೃತ್ತಿಯನ್ನು ನೋಡಿ. ಮೂರು ಗಂಟೆಯ ಹತ್ತಿರದ ಇನ್ನೊಂದರಲ್ಲಿ ಪ್ರೇಮಕಥೆಯನ್ನು ಪೂರ್ತಿ ಬಿಡಿಸಿ ಹೇಳುತ್ತಾರೆ, ಅದರಿಂದ ಅಲ್ಫ್ರೆಡೊನ ಪಾತ್ರದ ತೂಕ ಇಳಿಯುತ್ತದೆ ಅಂತ ನನಗೆ ಅನ್ನಿಸುತ್ತದೆ.

ದೊಡ್ಡ ಪರದೆ ಮೇಲೆ ನೋಡೋಕೆ ನಮ್ಮ ಕಡೆ ಅವಕಾಶ ಇಲ್ವಾ?

ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋಗಿ. ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಇರುತ್ತದೆ. ಪ್ರತಿನಿಧಿ ಪಾಸ್ ಮಾಡಿಸಿದರೆ ದಿನಕ್ಕೆ ನಾಲ್ಕೈದು ಚಿತ್ರ ನೋಡಬಹುದು. ಇಂಟರ್‌ಸಿಟಿ ರೈಲಿಗೆ ಹೋಗಿ ಎರಡು ಮೂರು ದಿನ ಉಳಿದರೆ ಒಳ್ಳೆಯದು, ಒಂದೇ ದಿನದಲ್ಲಿ ಹೋಗಿ ಬಂದರೆ ದಣಿವೇ ಉಳಿಯುತ್ತದೆ.

ನಾವು ಹತ್ತಿಪ್ಪತ್ತು ಜನ ಸೇರಿ ಊರಲ್ಲೇ ತೋರಿಸಬೇಕು ಅಂತಿದೀವಿ. ಜನ ಬರ್ತಾರಾ?

ಬರುತ್ತಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಅಡಿಕೆ ತೋಟದ ರೈತರಿಗೆ, ಕೂಲಿಯವರಿಗೆ ಜಗತ್ತಿನ ದೊಡ್ಡ ದೊಡ್ಡ ನಿರ್ದೇಶಕರ ಚಿತ್ರಗಳನ್ನು ತೋರಿಸಿದರು, ಮಾತಾಡಿಸಿದರು. ಆಗ ಟಿವಿಯೂ ಇಲ್ಲ, ರೀಲಿನ ಡಬ್ಬ ಹೊತ್ತು ತರಬೇಕಿತ್ತು. ನಮ್ಮಲ್ಲಿ ಈಗ ಪ್ರೊಜೆಕ್ಟರ್ ಇಲ್ಲದ ಕಾಲೇಜೇ ಇಲ್ಲ.

ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಆಗುವುದಿಲ್ಲ, ಹಕ್ಕು ಇರುವವರ ಅನುಮತಿ ಬೇಕು. ಜರ್ಮನ್ ಚಿತ್ರಗಳಿಗೆ ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನ, ಫ್ರೆಂಚ್ ಚಿತ್ರಗಳಿಗೆ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಬರೆದು ವಿಚಾರಿಸಿ. ಫಿಲ್ಮ್ ಸೊಸೈಟಿಯಾಗಿ ನೋಂದಾಯಿಸಿಕೊಳ್ಳುವುದಾದರೆ ಭಾರತೀಯ ಫಿಲ್ಮ್ ಸೊಸೈಟಿಗಳ ಒಕ್ಕೂಟ ಇದೆ, 1959ರಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷತೆಯಲ್ಲಿ ಶುರುವಾದದ್ದು.

ತೋರಿಸುವಾಗ ಮೊದಲು ಐದು ನಿಮಿಷ ಕನ್ನಡದಲ್ಲಿ ಕಥೆಯ ಹಿನ್ನೆಲೆ ಹೇಳಿ, ಅದಕ್ಕಿಂತ ಹೆಚ್ಚು ಬೇಡ. ಸಬ್‌ಟೈಟಲ್ ಹಿಂದಿನ ಸಾಲಿಗೂ ಕಾಣುತ್ತದೆಯೇ ಅಂತ ನೀವೇ ಅಲ್ಲಿ ಕೂತು ಪರೀಕ್ಷೆ ಮಾಡಿ, ಪರದೆಯನ್ನು ಮುಂದಿನವರ ತಲೆಗಿಂತ ಮೇಲೆ ಕಟ್ಟಿ. ಕೋಣೆ ಪೂರ್ತಿ ಕತ್ತಲಾಗಬೇಕು, ಹಗಲಲ್ಲಾದರೆ ಕಿಟಕಿಗೆ ಕಪ್ಪು ಬಟ್ಟೆ ಹಾಕಿ. ಎರಡು ಗಂಟೆ ಮೀರುವ ಚಿತ್ರವನ್ನು ಮೊದಲ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ. ಮಂಡಕ್ಕಿ ಮಿರ್ಚಿ, ಚಹಾ ಚಿತ್ರ ಮುಗಿದ ಮೇಲೆ ಕೊಡಿ. ತಿನ್ನುತ್ತಾ ನಿಂತವರು ತಾವಾಗಿಯೇ ಮಾತು ಶುರು ಮಾಡುತ್ತಾರೆ, ಮುಂದಿನ ಸಲ ಯಾವುದು ತೋರಿಸಬೇಕು ಅಂತ ಅಲ್ಲೇ ಅವರನ್ನೇ ಕೇಳಿ.